ಸಾಂತಿನಾಳ ಅಳತೆಯ ಕೋವಿ

ಫೆಬ್ರವರಿ 11

ಮನೆಯಲ್ಲಿ ಕೂಗಾಡಿದರೆ ರಕ್ತದ ಒತ್ತಡ ಏರುತ್ತದಂತೆ. ಅದಕ್ಕೇ ಈ ಪುಸ್ತಕ. ಇಲ್ಲಿ ಯಾರನ್ನು ಎಷ್ಟು ಬೈದರೂ ಯಾರ ಒತ್ತಡವೂ ಏರುವುದಿಲ್ಲ.

ಮೊದಲ ಬೈಗುಳ ಬ್ರೆಷಾ ಪಟ್ಟಣದ ಕಣ್ಣಿನ ಡಾಕ್ಟರಿಗೆ. ಮೂವತ್ತು ತುಂಬಿಲ್ಲ, ಗಡ್ಡ ನೆಟ್ಟಗೆ ಬಂದಿಲ್ಲ, ಬೆರಳು ನೋಡಿದರೆ ಜೀವಮಾನದಲ್ಲಿ ಒಂದು ಮೊಳೆ ಹೊಡೆದವನಲ್ಲ. ಗೋಡೆಯ ಮೇಲಿನ ಅಕ್ಷರ ಓದು ಅಂದ. ಎಡಗಣ್ಣಿನಲ್ಲಿ ಕೊನೆಯ ಸಾಲಿನವರೆಗೂ ಓದಿದೆ. ಬಲಗಣ್ಣಿಗೆ ಸಾಲಿನ ನಡುವೆ ಒಂದು ಕಪ್ಪು ಕಲೆ ಬಿಟ್ಟರೆ ಏನೂ ಕಾಣಲಿಲ್ಲ. "ಅಜ್ಜಾ, ಇದು ಕನ್ನಡಕದಿಂದ ಸರಿಹೋಗೋದಲ್ಲ. ಬೇಟೆ ಪರವಾನಗಿಗೆ ನಾನು ಸಹಿ ಹಾಕಲ್ಲ" ಅಂದ. ಅಜ್ಜನಂತೆ! ಐವತ್ತು ವರ್ಷ ಈ ಕಣಿವೆಯ ಕೋವಿಗಳಿಗೆ ಮರದ ಹಿಡಿ ಕೂರಿಸಿದ ಬೊರ್ತೊಲೊ ನಾನು. ಇವನಪ್ಪನ ಭುಜದ ಅಳತೆಯನ್ನೂ ನಾನೇ ತೆಗೆದಿರಬೇಕು.

ಮನೆಗೆ ಬಂದು ಕೋಟು ಬಿಚ್ಚಿರಲಿಲ್ಲ, ತುಲ್ಲಿಯೊ ಹಾಜರು. ನನ್ನ ಹೆಂಡತಿ ಸಾಂತಿನಾಳ ತಮ್ಮ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಜಾತಿ.

"ಭಾವ, ವಿಷಯ ಕೇಳಿ ಹೊಟ್ಟೆ ಉರೀತು. ಅದ್ಸರಿ, ಬ್ರೀನಾನ ಏನ್ ಮಾಡ್ತೀಯ?"

ಬ್ರೀನಾ ನನ್ನ ಬಿಳಿ ಸೆಟ್ಟರ್ ನಾಯಿ, ಹಕ್ಕಿಯ ವಾಸನೆ ಹಿಡಿದು ಅದರೆದುರು ಅಲ್ಲಾಡದೆ ನಿಲ್ಲುವ ಜಾತಿ. ಮೂರು ವರ್ಷ. ಈ ಕಣಿವೆಯಲ್ಲಿ ಅಂಥ ಮೂಗು ಇನ್ನೊಂದಿಲ್ಲ.

"ನಾಯಿ ನನ್ನ ಹತ್ರಾನೇ ಇರತ್ತೆ," ಅಂದೆ.

"ಇರ್ಲಿ ಮಾರಾಯ. ಆದ್ರೆ ಹಕ್ಕಿ ಬೀಳದ ಮನೇಲಿ ಒಳ್ಳೆ ನಾಯಿ ಕೆಟ್ಟುಹೋಗತ್ತೆ. ಹುಡುಕಿ ಹುಡುಕಿ ನಿಲ್ಲತ್ತೆ, ಗುಂಡಿನ ಶಬ್ದಾನೇ ಇಲ್ಲ ಅಂದ್ರೆ ಎಷ್ಟು ದಿನ ನಿಂತೀತು? ಎರಡೇ ವರ್ಷ ನೋಡು."

ಈ ಮುಠ್ಠಾಳ ಸಾಕಿದ ನಾಯಿಗಳೆಲ್ಲ ಸಕ್ಕರೆ ತಿಂದು ಡುಮ್ಮಣ್ಣಗಳಾದವು. ಇವನು ನನಗೆ ನಾಯಿಯ ಪಾಠ ಹೇಳುವುದು! ಆದರೂ ಹೇಳಿದ್ದು ನಿಜ. ಅದೇ ಉರಿ.

ಫೆಬ್ರವರಿ 16

ಪರವಾನಗಿ ಇಲ್ಲದವನ ಮನೆಯಲ್ಲಿ ಕೋವಿ ಇರಬಾರದು. ಇವತ್ತು ನನ್ನ ಮೂರನ್ನೂ ತುಲ್ಲಿಯೊ ಬಂದು ಕಂಬಳಿಯಲ್ಲಿ ಸುತ್ತಿ ಒಯ್ದ. ಮಂಗನ ಕೈಗೆ ಮಾಣಿಕ್ಯ.

ಮಧ್ಯಾಹ್ನ ಊಟಕ್ಕೆ ಕೂತಾಗ ಸಾಂತಿನಾ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ಬಡಿಸುತ್ತ, ಇನ್ನೊಂದು ಚೂರು ಬೇಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು.

"ನಾನು ಪರೀಕ್ಷೆಗೆ ಕಟ್ತೀನಿ."

"ಯಾವ ಪರೀಕ್ಷೆ?"

"ಬೇಟೆ ಪರೀಕ್ಷೆ. ಪರವಾನಗಿ ನನ್ನ ಹೆಸರಿಗೆ ಬಂದ್ರೆ ನಾಯಿ ಇಲ್ಲೇ ಇರತ್ತೆ. ನೀನೂ ಕಾಡಿಗೆ ಬರಬಹುದು. ಬರಿಗೈಲಿ ಬರೋದಕ್ಕೆ ಯಾವ ಡಾಕ್ಟರ್ ಸಹೀನೂ ಬೇಡ."

ನನಗೆ ಪೊಲೆಂಟಾ ನೆತ್ತಿಗೇರಿತು. ಅರವತ್ತಾರು ವರ್ಷದ ಹೆಂಗಸು. ಚಪ್ಪಲಿ ಸೇರಿ ಒಂದೂವರೆ ಮೀಟರ್ ಎತ್ತರ. ನಲವತ್ತನಾಲ್ಕು ವರ್ಷ ನಾನು ತಂದ ಹಕ್ಕಿಯ ಪುಕ್ಕ ಕಿತ್ತಿದ್ದಾಳೆ, ಒಂದು ದಿನವಾದರೂ ಕೋವಿಯನ್ನು ಒರೆಸಲು ಕೂಡ ಮುಟ್ಟಿದವಳಲ್ಲ. ನಕ್ಕೆ. ಅವಳು ನಗಲಿಲ್ಲ, ಗಿಣ್ಣಿನ ತಟ್ಟೆ ನನ್ನ ಕಡೆ ತಳ್ಳಿದಳು.

ಮಾರ್ಚ್ 10

ಅಡುಗೆಮನೆಯ ಮೇಜಿನ ಮೇಲೆ ಪುಸ್ತಕಗಳ ರಾಶಿ. ಯಾವ ಹಕ್ಕಿ ಹೊಡೆಯಬಾರದು, ಮನೆಯಿಂದ ಎಷ್ಟು ಮೀಟರ್ ದೂರ ಇರಬೇಕು, ಯಾವ ವಾರ ಬೇಟೆ ಇಲ್ಲ. ಬಟಾಣಿ ಸುಲಿಯುತ್ತ ಬಾಯಿಪಾಠ ಮಾಡುತ್ತಾಳೆ. ನಾನು ಪರೀಕ್ಷೆ ಬರೆದಾಗ ಎರಡು ಪ್ರಶ್ನೆ ಇದ್ದವು. ಒಂದು, ನೀನು ಯಾರ ಮಗ. ಇನ್ನೊಂದು, ನಿಮ್ಮಪ್ಪ ಚೆನ್ನಾಗಿದ್ದಾರಾ.

ಏಪ್ರಿಲ್ 24

ಪಾಸು. ನಲವತ್ತಕ್ಕೆ ಮೂವತ್ತೊಂಬತ್ತಂತೆ. ತಪ್ಪಾದ ಆ ಒಂದು ನಾನು ಹೇಳಿಕೊಟ್ಟದ್ದಂತೆ. ಸುಳ್ಳಿರಬೇಕು.

ಜೂನ್ 8

ಪರವಾನಗಿ ಪುಸ್ತಕ ಬಂತು. ಫೋಟೋದಲ್ಲಿ ಸಾಂತಿನಾ ಯಾರನ್ನೋ ಬೈಯಲು ಬಾಯಿ ತೆರೆದಂತಿದ್ದಾಳೆ. ಕೋವಿ ಕೊಳ್ಳಲು ಕಣಿವೆಯ ಕೆಳಗಿನ ಪ್ರಿಮೊನ ಅಂಗಡಿಗೆ ಹೋದೆವು. ಎಲ್ಲಿ ನೋಡಿದರೂ ಬುದ್ಧಿ ಹೇಳುವವರೇ. ದಾರಿಯಲ್ಲಿ ಕಾಫಿ ಕುಡಿಯಲು ನಿಂತರೆ ಅಲ್ಲಿದ್ದ ನಾಲ್ಕು ಮುದಿ ಹೋರಿಗಳೂ ಬಾಯಿ ಹಾಕಿದವು. ದಪ್ಪ ತೋಟಾದ ಹನ್ನೆರಡರ ನಳಿಗೆಯೇ ಕೋವಿ, ಉಳಿದದ್ದು ಆಟಿಕೆ ಎಂದು ಒಬ್ಬ. ಮಕ್ಕಳ ಒಂಟಿನಳಿಗೆ ಸಾಕು, ಹೆಂಗಸಲ್ಲವೇ ಎಂದು ಇನ್ನೊಬ್ಬ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಪ್ರಿಮೊ ಇನ್ನೂ ಮೇಲು. ಬಾಗಿಲಲ್ಲೇ ಕೈ ಹಿಸುಕುತ್ತ ಬಂದ.

"ಅಕ್ಕಾವ್ರಿಗಾ? ಅಯ್ಯೋ, ಹೆಂಗಸರಿಗೇ ಅಂತ ಮಾಡಿರೋದು ಇದೆ. ಹನ್ನೆರಡರದ್ದೇ, ಆದ್ರೆ ಪುಕ್ಕದಷ್ಟು ಹಗುರ. ಹಿಡಿದು ನೋಡಿ ಅಕ್ಕಾ!"

ಸಾಂತಿನಾ ಹಿಡಿದಳು. "ಹಗುರ ಇದೆ ಕಣೋ ಬೊರ್ತೊಲೊ," ಎಂದು ನನ್ನ ಮುಖ ನೋಡಿದಳು.

"ಎತ್ತೋವಾಗ ಹಗುರ," ಅಂದೆ. "ಹೊಡೆದಾಗ ಆ ಒದೆತಾನ ಯಾರು ತಿನ್ನಬೇಕು? ಕೋವಿ ಹಗುರ ಆದಷ್ಟೂ ಭುಜಕ್ಕೆ ಏಟು ಜಾಸ್ತಿ. ಹತ್ತು ತೋಟಾ ಹಾರಿಸಿದ್ರೆ ಹನ್ನೊಂದನೇದಕ್ಕೆ ಕಣ್ಣು ಮುಚ್ಕೋತಾಳೆ. ಪ್ರಿಮೊ, ನಿಮ್ಮಮ್ಮನ ಕೈಲಿ ಹಾರಿಸಿದ್ದೀಯೇನೋ ಇದನ್ನ?"

"ಹಂಗಾದ್ರೆ ಮರ ಸ್ವಲ್ಪ ಕೊಯ್ದು ಗಿಡ್ಡ ಮಾಡಿ, ಹಿಂದೆ ರಬ್ಬರ್ ಹಾಕ್ಕೊಡ್ತೀನಿ ಬಿಡಿ. ಗುಲಾಬಿ ಬಣ್ಣದ್ದಿದೆ."

ಗುಲಾಬಿ! ಗಿಡ್ಡ ಮಾಡಿದರೆ ಸಣ್ಣವರಿಗೆ ಸರಿಹೋಯಿತು ಎಂದು ತಿಳಿದ ಕಟುಕ ಇವನು. ಉದ್ದವೊಂದೇ ಅಲ್ಲ. ಕೆನ್ನೆ ಒರಗುವ ಏಣು ಎಷ್ಟು ಎತ್ತರ, ಹಿಂಬದಿ ಎದೆಗೆ ಚುಚ್ಚದಂತೆ ಎಷ್ಟು ಓರೆ, ಮರ ಪಕ್ಕಕ್ಕೆ ಎಷ್ಟು ಬಾಗಬೇಕು. ಅವನಿಗೆ ಹೇಳಿ ಪ್ರಯೋಜನವಿಲ್ಲ. ಮೂಲೆಯಲ್ಲಿ ಧೂಳು ಹಿಡಿದಿದ್ದ ಹಳೆಯ ಜೋಡುನಳಿಗೆಯೊಂದನ್ನು ನಾನೇ ಎಳೆದೆ. ಇಪ್ಪತ್ತರ ನಳಿಗೆ, ನಂಬರು ಹೆಚ್ಚಾದಷ್ಟೂ ತೋಟಾ ಸಣ್ಣ, ಆದರೂ ಒದೆತ ನುಂಗುವಷ್ಟು ತೂಕ. ಮರದ ಹಿಡಿ ಬಿರುಕು ಬಿಟ್ಟಿತ್ತು. ಬಿಡಲಿ, ಮರ ನಾನು ಕೂರಿಸುತ್ತೇನೆ. ಈ ಕಣಿವೆಯಲ್ಲಿ ಇನ್ನ್ಯಾರಿಗೆ ಬರುತ್ತದೆ?

ಜೂನ್ 15

ಸಾಂತಿನಾಳ ಅಳತೆ ತೆಗೆದೆ. ನನ್ನ ಕಾರ್ಯಾಗಾರದ ಅಳತೆಕೋವಿಗೆ ಎಲ್ಲ ಕಡೆ ತಿರುಪಿದೆ, ಹಿಗ್ಗಿಸಬಹುದು, ಬಾಗಿಸಬಹುದು, ಆದರೆ ಗುಂಡು ಹಾರುವುದಿಲ್ಲ. ಎದುರಿಗೆ ನಿಂತು ನಳಿಗೆಯ ಮೇಲಿಂದ ಅವಳ ಕಣ್ಣು ಎಲ್ಲಿದೆ ಎಂದು ನೋಡಬೇಕು. ಅವಳ ಬಾಯಿ ಒಂದು ಕ್ಷಣ ನಿಂತರೆ ತಾನೇ?

"ಬೊರ್ತೊಲೊ, ಎರಡೂ ಕಣ್ಣು ತೆರೆದ್ರೆ ತುದಿ ಎರಡಾಗಿ ಕಾಣತ್ತೆ."

"ಮೊದಮೊದಲು ಎಲ್ಲಾರಿಗೂ ಹಂಗೇ. ಅಲ್ಲಾಡಬೇಡ."

"ಮತ್ತೆ ಈ ಕಡೆ ಸ್ವಲ್ಪ ಏನೋ ಒಂಥರಾ..."

"ಸಾಂತಿನಾ, ನಾನು ನಿನಗೆ ಪೊಲೆಂಟಾ ಕೆದಕೋದು ಹೇಳಿಕೊಡ್ತೀನಾ?"

ಬಾಯಿ ಮುಚ್ಚಿದಳು. ಹತ್ತು ನಿಮಿಷದ ಕೆಲಸ. ಮೂವತ್ತನಾಲ್ಕು ಸೆಂಟಿಮೀಟರ್ ಉದ್ದ, ನನ್ನದಕ್ಕಿಂತ ಮೂರೂವರೆ ಕಡಿಮೆ. ಬಲಕ್ಕೆ ಸಣ್ಣ ಬಾಗು. ಇಂಥದ್ದು ಸಾವಿರ ಮಾಡಿದ್ದೇನೆ, ನಿದ್ದೆಯಲ್ಲೂ ಮಾಡಬಲ್ಲೆ.

ಜುಲೈ 6

ಗುರಿ ಕಲಿಯಲು ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸುವ ಮೈದಾನ. ಇಪ್ಪತ್ತೈದು ಬಿಲ್ಲೆ. ಒಡೆದದ್ದು ಸೊನ್ನೆ.

ಕಾಡಿಗೆ ಹೋಗಬೇಕಾದರೆ ಮೊದಲ ವರ್ಷ ಹಳೆಯ ಪರವಾನಗಿಯವನೊಬ್ಬ ಪಕ್ಕದಲ್ಲಿ ಇರಲೇಬೇಕು ಎಂದು ಕಾನೂನು. ಅಂದರೆ ತುಲ್ಲಿಯೊ, ಬೇರೆ ಯಾರು ಬರುತ್ತಾರೆ? ಅವನೋ ಬೆಂಚಿನ ಮೇಲೆ ಹೊಟ್ಟೆ ಹರವಿಕೊಂಡು ಕೂತು ಷರತ್ತು ಹಾಕಿದ.

"ಅಕ್ಕ, ನಂಗೂ ಹೆಂಡ್ತಿ ಮಕ್ಕಳಿದಾರೆ. ಪೊದೆ ಒಳಗೆ ನಿನ್ನ ಪಕ್ಕ ಬರ್ಬೇಕು ಅಂದ್ರೆ ಮೊದ್ಲು ಇಪ್ಪತ್ತೈದಕ್ಕೆ ಹತ್ತು ಒಡಿ. ಸೆಪ್ಟೆಂಬರ್ ಕೊನೇವರೆಗೆ ಟೈಮು. ಆಗ್ಲಿಲ್ಲ ಅಂದ್ರೆ ಬ್ರೀನಾ ನಂಗೆ. ಸುಮ್ನೆ ಕಟ್ಟಿಹಾಕಿ ಯಾಕೆ ಹಾಳ್ಮಾಡ್ತೀರಾ?"

"ಆಯ್ತು," ಎಂದು ಸಾಂತಿನಾಳೇ ಒಪ್ಪಿಬಿಟ್ಟಳು. ನನ್ನ ನಾಯಿ! ನನ್ನನ್ನು ಒಂದು ಮಾತು ಕೇಳದೆ! ಹತ್ತು ಬಿಲ್ಲೆ ಇವಳು ಒಡೆಯುವುದುಂಟೇ?

ಜುಲೈ 13

ಒಂದು. ಅದೂ ಗಾಳಿಗೆ ಒಡೆದಿರಬೇಕು.

"ಕೋವಿ ಸರಿ ಇಲ್ವೇನೋ," ಅಂದಳು. ಐವತ್ತು ವರ್ಷದ ಕೈಯಲ್ಲಿ ಮಾಡಿದ ಮರ ಸರಿ ಇಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಜುಲೈ 20

ಎರಡು ಸಲ ಏಣು ಕೆತ್ತಿದೆ, ಒಂದು ಸಲ ಬಾಗು ತಿದ್ದಿದೆ. ಗುಂಡು ಹೋಗುವುದು ಎಡಕ್ಕೇ. ಪ್ರತಿ ಗುಂಡೂ ಒಂದೊಂದು ಮೊಳ ಎಡಕ್ಕೆ. ಹದಿನೈದನೆಯದಕ್ಕೆ ನನಗೆ ತಡೆಯಲಾಗಲಿಲ್ಲ. "ಕಣ್ಣೆಲ್ಲಿಟ್ಟಿದ್ದೀಯೇ? ನಿನಗಿಂತ ಕುರುಡ ನಾನೇ ವಾಸಿ!" ಎಂದು ಕೂಗಿದೆ. ಮೈದಾನದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಕೆಲವರು ನಕ್ಕರು.

ಸಾಂತಿನಾ ನಳಿಗೆ ಮಡಿಸಿ ತೆರೆದು ತೋಟಾ ಎರಡನ್ನೂ ತೆಗೆದಳು, ಕೋವಿಯನ್ನು ತಮ್ಮನ ಕೈಗೆ ಕೊಟ್ಟಳು, ನಡೆದುಬಿಟ್ಟಳು. ಬಿಸಿಲಲ್ಲಿ ನಾಲ್ಕು ಕಿಲೋಮೀಟರ್. ನಾನು ಕಾರು ನಿಧಾನ ಮಾಡಿ ಪಕ್ಕದಲ್ಲೇ ಬಂದೆ. ಹತ್ತಲಿಲ್ಲ. ತಿರುಗಿಯೂ ನೋಡಲಿಲ್ಲ. ಹೇಸರಗತ್ತೆಗೂ ಇದಕ್ಕಿಂತ ಬುದ್ಧಿ ಇರುತ್ತದೆ.

ಜುಲೈ 21

ಮೇಲಿನ ಹಲಗೆಯ ಪಾತ್ರೆಗೆ ಕೈ ಚಾಚಿದಾಗ ತೋಳು ಕಂಡಿತು. ಭುಜದಿಂದ ಅರ್ಧ ತೋಳಿನವರೆಗೆ ನೇರಳೆ. ಭುಜದ ಗುಣಿಯಲ್ಲಿ ಕೂರಬೇಕಾದ ಮರ ಹೊರಕ್ಕೆ ಜಾರಿ ಜಾರಿ ತೋಳಿಗೆ ಬಡಿದಿದೆ. ಎರಡು ವಾರ ಬಾಯಿ ಬಿಟ್ಟಿಲ್ಲ. ಹೇಳಿದ್ದರೆ ಗಂಟು ಹೋಗುತ್ತಿತ್ತೇ?

ನೋವಿನ ಮುಲಾಮಿನ ಡಬ್ಬಿ ಉಪ್ಪಿನ ಭರಣಿಯ ಹಿಂದೆ ಇಟ್ಟಿದ್ದೇನೆ. ಅವಳಾಗಿ ಹುಡುಕಿಕೊಳ್ಳಲಿ.

ಆಗಸ್ಟ್ 3

ಮೂರು. ಉಳಿದವೆಲ್ಲ ಎಡಕ್ಕೆ.

ಊಟ ಆದಮೇಲೆ ಹೇಳಿದಳು, "ಸಾಕು ಮಾರಾಯ. ನನ್ನಿಂದ ಆಗಲ್ಲ. ನಾಯಿನ ತುಲ್ಲಿಯೊಗೆ ಕೊಟ್ಟುಬಿಡು. ಅವನು ಸಕ್ಕರೆ ತಿನ್ನಿಸಿದ್ರೂ ಕಾಡಿಗಾದ್ರೂ ಕರ್ಕೊಂಡು ಹೋಗ್ತಾನೆ."

ನಾನು ಮೊದಲೇ ಹೇಳಿರಲಿಲ್ಲವೇ? ಹೆಂಗಸು, ಮುದುಕಿ, ಗಿಡ್ಡಿ. ಫೆಬ್ರವರಿಯಲ್ಲೇ ಹೇಳಿದ್ದೆ. ನನ್ನ ಮಾತು ನಿಜವಾಯಿತು, ಸಂತೋಷವಾಗಬೇಕಿತ್ತು. ಆಗಲಿಲ್ಲ. ಬ್ರೀನಾ ಬಾಗಿಲ ಬಳಿ ಮಲಗಿತ್ತು. ಅದರ ಮುಖ ನೋಡಲು ನನಗೆ ಇಷ್ಟವಾಗದೆ ಹಿಂಬಾಗಿಲಿಂದ ಹೊರಗೆ ಹೋದೆ.

ಆಗಸ್ಟ್ 15

ಇಗರ್ಜಿ ಹಬ್ಬದೂಟ ತುಲ್ಲಿಯೊನ ಅಂಗಳದಲ್ಲಿ. ಕಂಬಿಗೆ ಚುಚ್ಚಿ ಸುಟ್ಟ ಮಾಂಸ, ಒಳಗೆ ಹಸಿ, ಹೊರಗೆ ಇದ್ದಿಲು. ಅವನಿಗೆ ಬೆಂಕಿಯೂ ಗೊತ್ತಿಲ್ಲ. ಪ್ರತಿವರ್ಷ ಊಟವಾದ ಮೇಲೆ ನಾನು ಬೇಟೆಗಾರರ ಜೊತೆ ಕೂತು ಮುಂದಿನ ತಿಂಗಳ ಮಾತಾಡುತ್ತಿದ್ದೆ. ಈ ವರ್ಷ ಅವರ ಮಧ್ಯೆ ಕೂರುವುದಕ್ಕೆ ನನಗೇನು ಕೆಲಸ? ಹೆಂಗಸರು ಮರದ ಚೆಂಡು ಉರುಳಿಸಿ ಆಡುತ್ತಿದ್ದ ಕಡೆ ಕುರ್ಚಿ ಎಳೆದುಕೊಂಡೆ.

ಸಾಂತಿನಾಳ ಸರದಿ ಬಂತು. ಎರಡು ಸಲ ಬಲಗೈಯಲ್ಲಿ ಎಸೆದಳು, ಚೆಂಡು ಬೇಲಿಗೆ ಹೋಯಿತು. ಎಲ್ಲರೂ ನಕ್ಕರು. ಅವಳೂ ನಕ್ಕು, ಚೆಂಡನ್ನು ಎಡಗೈಗೆ ಬದಲಾಯಿಸಿ ಸುಮ್ಮನೆ ಉರುಳಿಸಿದಳು. ಹತ್ತು ಮೀಟರ್ ದೂರದ ಗುರಿಚೆಂಡಿಗೆ ಟಕ್ ಎಂದು ತಾಗಿತು. ಮತ್ತೊಂದು. ಅದೂ ಟಕ್.

"ಏನದು ಎಡಗೈಲಿ?" ಅಂದೆ.

ಪಕ್ಕದಲ್ಲಿ ಮೂಳೆ ಚೀಪುತ್ತಿದ್ದ ತುಲ್ಲಿಯೊ ಹೇಳಿದ, "ಅಕ್ಕ ಎಡಚಿ ಅಲ್ವಾ ಭಾವ."

"ಯಾರು?"

"ಸಾಂತಿನಾ! ಹುಟ್ಟಾ ಎಡಚಿ. ಶಾಲೇಲಿ ಸನ್ಯಾಸಿನಿಯರು ಎಡಗೈನ ಬೆನ್ನಿಗೆ ಕಟ್ಟಿಹಾಕ್ತಿದ್ರು. ಅದು ಸೈತಾನನ ಕೈಯಂತೆ. ಒಂದು ವರ್ಷ ಪೂರ್ತಿ ಕಟ್ಟಿದ್ರು ಮಾರಾಯ, ಮನೆಗೆ ಬಂದು ಸೂಪು ಎಲ್ಲಾ ಅಂಗಿ ಮೇಲೆ ಚೆಲ್ಕೋತಿದ್ಲು. ಆಮೇಲೆ ಬಲಗೈ ರೂಢಿ ಆಯ್ತು. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಇದನ್ನು ಬರೆಯಲು ಮೂರು ಸಲ ಪೆನ್ನು ಎತ್ತಿಟ್ಟೆ. ನಲವತ್ತನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡವನಿಗೆ ಗೊತ್ತಿರಲಿಲ್ಲ, ಈ ಹೊಟ್ಟೆಬಾಕನಿಗೆ ಗೊತ್ತಿತ್ತು.

ಆಗಸ್ಟ್ 16

ಬೆಳಿಗ್ಗೆ ಅವಳು ಬಟ್ಟೆ ಒಣಗಿಸುತ್ತಿದ್ದಾಗ ಹೋಗಿ ನಿಂತೆ.

"ಎರಡೂ ಕಣ್ಣು ತೆರೆದು ಇಗರ್ಜಿ ಗಂಟೆಗೋಪುರದ ತುದಿಗೆ ಬೆರಳು ತೋರ್ಸು."

ತೋರಿಸಿದಳು.

"ಈಗ ಎಡಗಣ್ಣು ಮುಚ್ಚು."

"ಅಯ್ಯ! ಬೆರಳು ಪಾದ್ರಿ ಮನೆ ಮೇಲೆ ಹೋಯ್ತು."

"ಅದನ್ನ ಬಿಟ್ಟು ಬಲಗಣ್ಣು ಮುಚ್ಚು."

"ಈಗ ಗೋಪುರದ ಮೇಲೇ ಇದೆ."

ಅಷ್ಟೇ. ಗುರಿ ಹಿಡಿಯುವುದು ಅವಳ ಎಡಗಣ್ಣು. ಬಲಭುಜಕ್ಕೆ ಕೋವಿ ಏರಿಸಿ ಎಡಗಣ್ಣಲ್ಲಿ ನೋಡಿದರೆ ಗುಂಡು ಎಡಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ಆ ಕಣ್ಣನ್ನು ನಳಿಗೆಯ ಮೇಲೆ ತರಲು ಕತ್ತು ತಿರುಚಿದ್ದಾಳೆ, ಮರ ತೋಳಿಗೆ ಜಾರಿದೆ. ನಾನು ನೋಡಿದ್ದು ಕಣ್ಣು ಎಲ್ಲಿದೆ ಎಂದು, ಯಾವುದು ನೋಡುತ್ತಿದೆ ಎಂದು ನೋಡಲಿಲ್ಲ. ಅಳತೆಗೆ ನಿಂತವರಿಗೆ ಮೊಟ್ಟಮೊದಲು ಮಾಡಿಸಬೇಕಾದದ್ದು ಈ ಬೆರಳಿನ ಪರೀಕ್ಷೆ. ನಮ್ಮ ಕಣಿವೆಯ ಐದು ವರ್ಷದ ಪೋರರಿಗೂ ಗೊತ್ತು. ಹೊರಗಿನ ಗಿರಾಕಿ ಯಾರು ಬಂದರೂ ಮಾಡಿಸಿದ್ದೇನೆ, ಮಿಲಾನಿನ ಹಲ್ಲಿನ ಡಾಕ್ಟರಿಗೂ ಮಾಡಿಸಿದ್ದೇನೆ. ಇವಳಿಗೆ ಮಾಡಿಸಲಿಲ್ಲ. ಇವಳು ನನಗೆ ಗೊತ್ತಿರುವವಳು ಅಂದುಕೊಂಡಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

"ಎಡಚಿ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?" ಎಂದು ರೇಗಿದೆ.

"ನೀನು ಕೇಳ್ಲಿಲ್ಲ." ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು. "ನಂಗೂ ಮರೆತುಹೋಗಿತ್ತು. ಕೋವಿ ಬಲಗಡೆ ಹಿಡಿ ಅಂದೆ, ಹಿಡಿದೆ. ಸಿಸ್ಟರ್‌ಗಳೂ ಹಂಗೇ ಹೇಳ್ತಿದ್ರು. ನೀವೆಲ್ಲಾ ಅಷ್ಟು ಗಟ್ಟಿಯಾಗಿ ಹೇಳ್ತೀರಲ್ಲ, ನಂದೇ ತಪ್ಪಿರಬೇಕು ಅಂದ್ಕೊಂಡೆ."

ನನಗೆ ನಾಚಿಕೆಯಾಯಿತು. ಮೈದಾನದಲ್ಲಿ ಜನರ ಮುಂದೆ ಕೂಗಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು, "ಆ ಅಂಗಿ ಇನ್ನೂ ಒದ್ದೆ ಇದೆ, ಸರಿಯಾಗಿ ಹಿಂಡು" ಅಂತ.

ಆಗಸ್ಟ್ 19

ಮೊದಲ ಮರ ಒಲೆಗೆ ಹಾಕಿದೆ. ಕಳಪೆ ಕೆಲಸ. ಯಾರು ಮಾಡಿದ್ದೋ.

ಹೊಸದಕ್ಕೆ ಅಟ್ಟದ ಮೇಲಿದ್ದ ಆಕ್ರೋಟದ ಹಲಗೆ ಇಳಿಸಿದೆ. ಹದಿನೆಂಟು ವರ್ಷ ಒಣಗಿದ್ದು, ಜೇನಿನ ಬಣ್ಣದ ಗೆರೆಗಳಿರುವುದು. ಪ್ರಿಮೊ ಐದು ವರ್ಷದಿಂದ ಅದಕ್ಕೆ ಜೊಲ್ಲು ಸುರಿಸುತ್ತಿದ್ದ. ಸುಮ್ಮನೆ ಜಾಗ ತಿನ್ನುತ್ತಿತ್ತು.

ಆಗಸ್ಟ್ 30

ಎಡಕ್ಕೆ ಬಾಗುವ ಮರ ಐವತ್ತು ವರ್ಷದಲ್ಲಿ ಏಳೋ ಎಂಟೋ ಮಾಡಿರಬೇಕು. ಕೈ ತಾನಾಗಿಯೇ ಬಲಕ್ಕೆ ಹೋಗುತ್ತದೆ, ಎಳೆದು ತರಬೇಕು. ಬಲಗಣ್ಣಿನ ಕಲೆ ಸರಿಯಾಗಿ ಉಳಿಯ ಬಾಯಿಯ ಮೇಲೇ ಬಂದು ಕೂರುತ್ತದೆ, ಹಾಳಾದ್ದು. ಹೆಬ್ಬೆರಳಲ್ಲಿ ತಡವಿ ಕೀಸುತ್ತಿದ್ದೇನೆ. ಕಣ್ಣಿಗಿಂತ ಹೆಬ್ಬೆರಳೇ ನಂಬಿಕಸ್ಥ.

ದಿನಕ್ಕೆ ನಾಲ್ಕು ಸಲ ಅವಳನ್ನು ಅಡುಗೆಮನೆಯಿಂದ ಕರೆಯುತ್ತೇನೆ. ಕೈ ಹಿಟ್ಟಾಗಿದೆ, ಹಾಲು ಒಲೆ ಮೇಲಿದೆ ಎಂದು ಗೊಣಗುತ್ತ ಬರುತ್ತಾಳೆ. ಕಣ್ಣು ಮುಚ್ಚು, ಎಡಭುಜಕ್ಕೆ ಏರಿಸು, ಕಣ್ಣು ತೆರೆ. ನಾನು ಎದುರು ನಿಂತು ನೋಡುತ್ತೇನೆ. ಅವಳ ಎಡಗಣ್ಣಿನ ಬೂದು ಬಣ್ಣದಲ್ಲಿ ಒಂದು ಕಂದು ಚುಕ್ಕೆ ಇದೆ.

"ಇದ್ಯಾವಾಗ ಬಂತು?" ಅಂದೆ.

"ಯಾವುದು?"

"ಕಣ್ಣಲ್ಲಿ. ಕಂದು ಚುಕ್ಕೆ."

"ಹುಟ್ಟಿದಾಗಿಂದ," ಅಂದಳು. "ಹಾಲು ಉಕ್ಕತ್ತೆ, ಬೇಗ ನೋಡು."

ಹಾಲು ಉಕ್ಕಿತು. ತಪ್ಪು ನನ್ನದಂತೆ.

ಸೆಪ್ಟೆಂಬರ್ 14

ಐದು. ಆದರೆ ತಪ್ಪಿದವು ಈಗ ಎಲ್ಲ ಕಡೆಗೂ ಹೋಗುತ್ತಿವೆ, ಮೇಲೆ, ಕೆಳಗೆ, ಹಿಂದೆ. ಒಂದೇ ಕಡೆಗೆ ಹೋಗುವುದು ಕೋವಿಯ ತಪ್ಪು. ಎಲ್ಲ ಕಡೆಗೆ ಹೋಗುವುದು ಹೊಡೆಯುವವರ ತಪ್ಪು. ಅವಳಿಗೆ ಹೇಳಿದೆ. "ಓಹೋ, ಮೊದಲಿನದು ಕೋವಿ ತಪ್ಪು ಅಂತ ಒಪ್ಕೊಂಡ ಹಾಗಾಯ್ತು," ಅಂದಳು. ಇವಳ ಜೊತೆ ಮಾತಾಡುವುದೇ ಪೀಕಲಾಟ.

ತೋಳು ನೋಡಿದೆ. ನೇರಳೆ ಇಲ್ಲ.

ಸೆಪ್ಟೆಂಬರ್ 28

ಕೊನೆಯ ಶನಿವಾರ. ಮೈದಾನಕ್ಕೆ ಇಡೀ ಊರೇ ಬಂದಿತ್ತು, ಯಾರಿಗೂ ಮನೆಯಲ್ಲಿ ಕೆಲಸವಿಲ್ಲ. ತುಲ್ಲಿಯೊ ಬ್ರೀನಾಳಿಗೆಂದು ಹೊಸ ಕೊರಳಪಟ್ಟಿ ಕೊಂಡು ತಂದಿದ್ದ. ಜೇಬಿನಿಂದ ಹೊರಗೆ ನೇತಾಡುತ್ತಿತ್ತು, ನಾಚಿಕೆಗೆಟ್ಟವನು.

ಇಪ್ಪತ್ತು ಬಿಲ್ಲೆ ಮುಗಿದಾಗ ಏಳು. ಐದರಲ್ಲಿ ಮೂರು ಬೇಕು. ಇಪ್ಪತ್ತೊಂದು ತಪ್ಪಿತು. ಇಪ್ಪತ್ತೆರಡೂ ತಪ್ಪಿತು. ಹಿಂದೆ ಯಾರೋ, "ಮುಗೀತು ಬಿಡಿ, ಅಜ್ಜಿ ಮನೆಗೆ ಹೋಗಿ ಸೂಪು ಮಾಡ್ಲಿ," ಅಂದ. ಯಾರೆಂದು ತಿರುಗಿ ನೋಡಲಿಲ್ಲ, ದನಿ ಗೊತ್ತು. ಅವನ ಕೋವಿಯ ಮರ ಇನ್ನು ಬಿರುಕು ಬಿಟ್ಟರೆ ಅಂಗಡಿಯ ಅಂಟು ಹಾಕಿಕೊಳ್ಳಲಿ.

ಸಾಂತಿನಾ ನನ್ನ ಕಡೆ ನೋಡಿದಳು. ನಾನು ಏನಾದರೂ ಕೂಗುತ್ತೇನೆಂದು ಕಾದಳೋ ಏನೋ. "ನಿನಗೆ ಹೆಂಗೆ ಕಾಣತ್ತೋ ಹಂಗೆ ಹೊಡಿ," ಅಂದೆ.

ಇಪ್ಪತ್ತಮೂರು ಪುಡಿ. ಇಪ್ಪತ್ತನಾಲ್ಕು ಎರಡು ಹೋಳು. ಇಪ್ಪತ್ತೈದನೆಯದು ದೂರ ಹೋಗಿಬಿಟ್ಟಿತ್ತು, ಹೊಡೆಯಬೇಡ ಅನ್ನಬೇಕು ಅನ್ನುವಷ್ಟರಲ್ಲಿ ಹೊಡೆದಳು. ಹೊಗೆಯಂತೆ ಪುಡಿಯಾಯಿತು.

ಹತ್ತು. ಇಪ್ಪತ್ತೈದಕ್ಕೆ ಹತ್ತು ಏನು ಮಹಾ? ನಾನು ಹನ್ನೆರಡು ವರ್ಷದವನಿದ್ದಾಗ ಹದಿನೆಂಟು ಹೊಡೆದಿದ್ದೆ. ತುಲ್ಲಿಯೊನ ಮುಖ ಹುಳಿ ದ್ರಾಕ್ಷಿ ತಿಂದವನಂತಾಗಿತ್ತು. ಹೊಸ ಪಟ್ಟಿಯನ್ನು ಅವನ ಜೇಬಿನಿಂದ ನಾನೇ ಎಳೆದುಕೊಂಡೆ. ನಾಯಿಗೆ ಚೆನ್ನಾಗಿ ಒಪ್ಪುತ್ತದೆ.

ಅಕ್ಟೋಬರ್ 20

ಮೂರು ಭಾನುವಾರ ಸುಮ್ಮನೆ ಸುತ್ತಿದ್ದಾಯಿತು. ನಮ್ಮ ಬೇಟೆಯ ವಲಸೆ ಹಕ್ಕಿ ಕಾಡುಗೊರವ ಇನ್ನೂ ಇಳಿದಿಲ್ಲ, ಉತ್ತರದಲ್ಲಿ ಚಳಿ ಬಿದ್ದಿಲ್ಲವಂತೆ. ತುಲ್ಲಿಯೊ ಕಾಡಿನಲ್ಲಿ ಬಾಯಿ ಮುಚ್ಚುವುದಿಲ್ಲ. ಸಲಾಮಿ ಮಾಂಸದ ತುಂಡು ತಿನ್ನುತ್ತ ನಡೆಯುತ್ತಾನೆ. ಸಾಂತಿನಾ ಅಣಬೆ ಕಂಡಲ್ಲೆಲ್ಲ ನಿಲ್ಲುತ್ತಾಳೆ. ಇಂಥ ಪಟಾಲಮ್ಮಿನ ಜೊತೆ ನನ್ನಪ್ಪ ನನ್ನನ್ನು ನೋಡಿದ್ದರೆ ಮಗನೇ ಅಲ್ಲ ಅನ್ನುತ್ತಿದ್ದ.

ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ. ನಡೆದದ್ದಕ್ಕಿರಬೇಕು.

ನವೆಂಬರ್ 9

ಮಂಜು ಬಿದ್ದಿತ್ತು. ತೊರೆಯ ಮೇಲಿನ ಪೊದೆಗಳಲ್ಲಿ ಬ್ರೀನಾಳ ಕೊರಳ ಗಂಟೆ ನಿಂತಿತು. ನಾಯಿ ಹಕ್ಕಿಯ ಎದುರು ನಿಂತಿದೆ ಎಂದರ್ಥ. ತುಲ್ಲಿಯೊ ಹಿಂದೆಲ್ಲೋ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ, ಅವನಿಂದ ಅದಾದರೂ ಒಂದು ಉಪಕಾರವಾಯಿತು. ನಾನು ಸಾಂತಿನಾಳ ತೋಳು ಹಿಡಿದು ಸರಿಯಾದ ಜಾಗದಲ್ಲಿ ನಿಲ್ಲಿಸಿದೆ. ಅವಳ ಉಸಿರು ಬಿಳಿಯಾಗಿ ಬರುತ್ತಿತ್ತು.

"ಈ ಚಳೀಲಿ ನಂಗೆ ಯಾಕೆ ಬೇಕಿತ್ತು ಇದೆಲ್ಲಾ," ಎಂದು ಪಿಸುಗುಟ್ಟಿದಳು. "ಮನೇಲಿ ಒಲೆ ಮುಂದೆ ಕೂತ್ಕೋತಿದ್ದೆ. ನಂಗೇನು ಹಕ್ಕಿ ಹೊಡೆಯೋ ಆಸೇನಾ?"

"ಮತ್ಯಾಕೆ ಬಂದೆ?"

ನನ್ನನ್ನು ನೋಡಿದಳು, ದಡ್ಡನೊಬ್ಬನನ್ನು ನೋಡುವ ಹಾಗೆ. ನಾಯಿ ಒಂದು ಹೆಜ್ಜೆ ಮುಂದಿಟ್ಟಿತು.

ಹಕ್ಕಿ ಎದ್ದ ಸದ್ದು ಕೇಳಿತು. ಆ ಒಣ ಎಲೆಯ ಸದ್ದು ಸತ್ತರೂ ಮರೆಯಲಾರೆ. ಸಾಂತಿನಾ ಕೋವಿ ಏರಿಸಿದಳು, ಎಡಭುಜಕ್ಕೆ, ಒಂದೇ ಸಲಕ್ಕೆ. ಗುಂಡು ಹಾರಿತು.

ತುಲ್ಲಿಯೊ ಏದುಸಿರು ಬಿಡುತ್ತ ಓಡಿ ಬಂದ. "ಬಿತ್ತಾ? ಬಿತ್ತಾ? ಯಾವ ಕಡೆ ಹೋಯ್ತು ಭಾವ?"

"ತಪ್ಪಿತು," ಎಂದು ಸಾಂತಿನಾ ನಗತೊಡಗಿದಳು. ಮೂಗಿನ ತುದಿ ಕೆಂಪಾಗಿತ್ತು. "ಚೆನ್ನಾಗಿ ತಪ್ಪಿತು."

"ಆದ್ರೂ ಯಾವ ಕಡೆ ಹೋಯ್ತು? ಅದು ದೂರ ಹೋಗಲ್ಲ, ಇಳಿದ ಕಡೆ ಹೋದ್ರೆ ಮತ್ತೆ ಸಿಗತ್ತೆ. ಭಾವ, ಹೇಳು ಮಾರಾಯ, ಎಡಕ್ಕಾ ಬಲಕ್ಕಾ?"

"ನಂಗೆ ಕಾಣ್ಲಿಲ್ಲ ಕಣೋ. ಕಣ್ಣು ಹೋಗಿದೆ ಅಂತ ನಿಂಗೆ ಗೊತ್ತಿಲ್ವಾ?" ಎಂದು ರೇಗಿದೆ. ಅವನು ಪಾಪ ಎಂಬಂತೆ ಮುಖ ಮಾಡಿದ.

ಅವನಿಗೆ ಹೇಳಿದ ಕಣ್ಣಿನ ನೆಪ ಸುಳ್ಳು. ಎಡಗಣ್ಣು ಚೆನ್ನಾಗಿದೆ, ಹಕ್ಕಿ ಎದ್ದದ್ದು ಆರು ಮೀಟರ್ ದೂರದಲ್ಲಿ. ಐವತ್ತೆಂಟು ವರ್ಷದಲ್ಲಿ ಎದ್ದ ಕಾಡುಗೊರವ ಯಾವ ಕಡೆ ಹೋಯಿತೆಂದು ನಾನು ಹೇಳಲಾಗದ್ದು ಇದೇ ಮೊದಲು. ಮರ ಕೆನ್ನೆಗೆ ಸರಿಯಾಗಿ ಕೂತಿತೇ ಎಂದು ನೋಡಲು ಅವಳ ಮುಖ ನೋಡಿದೆ. ಕೂತಿತ್ತು. ಅದನ್ನು ತಿಳಿಯಲು ನನಗೆ ಅರ್ಧ ಕ್ಷಣ ಸಾಕು. ಹಕ್ಕಿ ಹೋದ ಮೇಲೂ ನೋಡುತ್ತಲೇ ಇದ್ದೆ.